ಕಣ್ಣಿಗೆ ಔಷಧಿ ಹಾಕಿದೆವು, ರೋಗ ಕಿವಿಯಲ್ಲಿತ್ತು

ಕೆಂಚನ ಎಡಗಣ್ಣಿನ ಮೂಲೆಯಲ್ಲಿ ಬಿಳಿ ಪೊರೆಯಂಥದ್ದು ಕಾಣಿಸಿಕೊಂಡಿದ್ದು ಒಂದು ಭಾನುವಾರ. ಮೂಗಿನ ಕಡೆಯಿಂದ ಹೊರಟು ಕಣ್ಣಿನ ಮೂರನೇ ಒಂದು ಭಾಗದವರೆಗೆ ಬಂದಿತ್ತು. ರಾತ್ರಿ ಜಗಳ ಆಡಿರಬೇಕು, ಯಾವುದೋ ಬೆಕ್ಕು ಪರಚಿದೆ ಅಂದುಕೊಂಡೆ. ಅಮ್ಮ ಒಪ್ಪಲಿಲ್ಲ. "ದೃಷ್ಟಿ ಆಗಿದೆ ಕಣೇ. ಎದುರುಮನೆಯವರು ನಿನ್ನೆ ತಾನೇ ಎಷ್ಟು ದಪ್ಪ ಆಗಿದ್ದಾನೆ ಅಂದ್ರು" ಎನ್ನುತ್ತಾ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಗ್ಯಾಸ್ ಒಲೆಯ ಮೇಲೆ ಸುಟ್ಟಳು. ಮನೆಯೆಲ್ಲ ಘಾಟು. ಕೆಂಚನ ಜೊತೆಗೆ ನಮ್ಮ ಕಣ್ಣಲ್ಲೂ ನೀರು.

ಕೆಂಚ ಅಂದರೆ ನಮ್ಮ ಮನೆಯ ಬೆಕ್ಕು. ಬೆಲ್ಲದ ಬಣ್ಣ, ಒಂದೂವರೆ ವರ್ಷ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಬೀದಿಯ ಮೋರಿ ಪಕ್ಕ ಮಳೆಯಲ್ಲಿ ನೆನೆದು ಕೂತಿದ್ದ ಮರಿಯನ್ನು ನಾನೇ ಎತ್ತಿಕೊಂಡು ಬಂದಿದ್ದು. ಆಗ ಎರಡೂ ಕಣ್ಣು ಗೀಜಿನಿಂದ ಅಂಟಿಕೊಂಡಿದ್ದವು, ಮೂಗು ಸೋರುತ್ತಿತ್ತು. ಶೀತ ವಾಸಿಯಾಯಿತು, ಸೀನು ಮಾತ್ರ ಪೂರ್ತಿ ಹೋಗಲಿಲ್ಲ. ಆಮೇಲಾಮೇಲೆ ಗೊರಕೆ ಶುರುವಾಯಿತು. ಗೊರಕೆ ಹೊಡೆಯುವ ಬೆಕ್ಕು ಅಂತ ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸಿದ್ದೆ. ಆ ವಿಡಿಯೋವನ್ನು ಮುಂದೆ ಒಬ್ಬ ಡಾಕ್ಟರಿಗೆ ತೋರಿಸಬೇಕಾಗುತ್ತದೆ ಅಂತ ಗೊತ್ತಿದ್ದರೆ ಅಷ್ಟು ನಗುತ್ತಿರಲಿಲ್ಲ.

ಸೋಮವಾರ ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಕಣ್ಣಿನ ಸೋಂಕು ಅಂದರು, ಡ್ರಾಪ್ಸ್ ಬರೆದರು. ದಿನಕ್ಕೆ ನಾಲ್ಕು ಸಲ, ಒಂದು ವಾರ. ಬೆಕ್ಕಿನ ಕಣ್ಣಿಗೆ ಡ್ರಾಪ್ಸ್ ಹಾಕಿದವರಿಗೆ ಗೊತ್ತು ಅದೆಂಥ ಕುಸ್ತಿ ಅಂತ. ಟವೆಲ್ಲಿನಲ್ಲಿ ಕಡುಬಿನ ಹಾಗೆ ಸುತ್ತಿ ಅಮ್ಮ ಹಿಡಿಯುತ್ತಿದ್ದಳು, ನಾನು ಹಾಕುತ್ತಿದ್ದೆ. ವಾರ ಕಳೆದರೂ ಪೊರೆ ಇದ್ದಲ್ಲೇ ಇತ್ತು. ಇನ್ನೊಂದು ವಾರ ಹಾಕಿ ಅಂದರು. ಹಾಕಿದೆವು.

ಈ ಎರಡು ವಾರದಲ್ಲಿ ನನ್ನ ಕಣ್ಣೆದುರೇ ಇದ್ದು ನಾನು ನೋಡದೇ ಹೋದ ಸಂಗತಿಗಳು ಎರಡು. ಒಂದು, ಕೆಂಚನ ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ಚಿಕ್ಕದಾಗಿತ್ತು. ಇನ್ನೊಂದು, ಅವನು ಆಗಾಗ ತಲೆ ಕೊಡವುತ್ತಿದ್ದ, ಹಿಂಗಾಲಿನಿಂದ ಎಡಗಿವಿ ಕೆರೆದುಕೊಳ್ಳುತ್ತಿದ್ದ. ಕಿವಿ ಕೆರೆಯುವುದನ್ನು ಅಮ್ಮ ನೋಡಿದ್ದಳು. ನೋಡಿ ಸುಮ್ನೆ ಇರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಎರಡನೇ ವಾರದ ಕೊನೆಗೆ ಒಂದು ಬೆಳಿಗ್ಗೆ ಕೆಂಚ ಕಾಂಪೌಂಡಿಗೆ ಹಾರಲು ಹೋಗಿ ಬಿದ್ದ. ಬೆಕ್ಕು ಬೀಳುವುದು ಅಂದರೆ ನೋಡಿದವರಿಗೆ ನಂಬಲಾಗದ ಮಾತು. ಎದ್ದ, ಎಡಕ್ಕೆ ವಾಲಿದ, ಮತ್ತೆ ಬಿದ್ದ. ಎಡಗಿವಿ ನೆಲದ ಕಡೆ, ಬಲಗಿವಿ ಆಕಾಶದ ಕಡೆ. ನಡೆದರೆ ಗಾಣದೆತ್ತಿನ ಹಾಗೆ ಎಡಕ್ಕೇ ಸುತ್ತುತ್ತಿದ್ದ. ಎತ್ತಿಕೊಂಡು ಮುಖ ನೋಡಿದೆ. ಎರಡೂ ಕಣ್ಣು ಮೆಲ್ಲಗೆ ಎಡಕ್ಕೆ ಜಾರುತ್ತಿದ್ದವು, ಚಕ್ಕನೆ ಬಲಕ್ಕೆ ಎಗರುತ್ತಿದ್ದವು, ಮತ್ತೆ ಜಾರುತ್ತಿದ್ದವು. ಆಮೇಲೆ ನನ್ನ ಮಡಿಲಲ್ಲೇ ವಾಂತಿ ಮಾಡಿದ. ಯಾರೋ ಇಲಿ ಪಾಷಾಣ ಇಟ್ಟಿದ್ದಾರೆ ಅಂತ ಅಮ್ಮ ಅಳುವುದಕ್ಕೆ ಶುರು ಮಾಡಿದಳು. ನನಗೆ ಲಕ್ವ ಹೊಡೆದಿದೆ ಅನ್ನಿಸಿತು.

ಈ ಸಲ ಬೇರೆ ಕಡೆ ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರು, ಹೆಣ್ಣುಮಗಳು. ಕೆಂಚನನ್ನು ಮೇಜಿನ ಮೇಲೆ ಬಿಟ್ಟು ಐದು ನಿಮಿಷ ಮುಟ್ಟಲೇ ಇಲ್ಲ, ಸುಮ್ಮನೆ ನೋಡಿದರು. ಆಮೇಲೆ ಅವನ ಒಂದೊಂದೇ ಪಾದವನ್ನು ಹಿಂದುಮುಂದಾಗಿ ಮಡಚಿ ಮೇಜಿನ ಮೇಲಿಟ್ಟರು. ಪ್ರತಿ ಸಲವೂ ಅವನು ತಕ್ಷಣ ಸರಿ ಮಾಡಿಕೊಂಡ. "ಇದು ಒಳ್ಳೇ ಲಕ್ಷಣ ಮೇಡಂ. ಪಾದ ಎಲ್ಲಿದೆ ಅಂತ ಮಿದುಳಿಗೆ ಗೊತ್ತಾಗ್ತಿದೆ" ಅಂದರು. ಕಣ್ಣಿನ ಹತ್ತಿರ ಬೆರಳು ತಂದರು, ಎರಡೂ ರೆಪ್ಪೆ ಮುಚ್ಚಿಕೊಂಡವು. ನಂತರ ರೂಮಿನ ದೀಪ ಆರಿಸಿ, ಸಣ್ಣ ಟಾರ್ಚಿನ ಮಂದ ಬೆಳಕಲ್ಲಿ ನನ್ನನ್ನು ಹತ್ತಿರ ಕರೆದು ತೋರಿಸಿದರು. ಕತ್ತಲಲ್ಲಿ ಬಲಗಣ್ಣಿನ ಪಾಪೆ ಅಗಲವಾಗಿ ಅರಳಿತ್ತು. ಎಡಗಣ್ಣಿನದು ಮಾತ್ರ ಹಾಗೇ ಸಣ್ಣಗೆ ಉಳಿದಿತ್ತು.

"ಕಣ್ಣು ಚೆನ್ನಾಗಿಯೇ ಇದೆ. ಕಣ್ಣಿಗೆ ಹೋಗೋ ನರಕ್ಕೆ ತೊಂದರೆ ಆಗಿದೆ. ನನಗೆ ಕಿವಿ ಮೇಲೆ ಅನುಮಾನ."

ಕಣ್ಣಿಗೂ ಕಿವಿಗೂ ಏನು ಸಂಬಂಧ ಅಂತ ನಾನು ಕೇಳಿದೆ. ಅವರು ಒಂದು ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಿದರು. ಪಾಪೆಯನ್ನು ಅರಳಿಸುವ ನರ ಮಿದುಳಿನಿಂದ ನೇರವಾಗಿ ಕಣ್ಣಿಗೆ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಎದೆಯವರೆಗೆ ಇಳಿಯುತ್ತದೆ, ಅಲ್ಲಿಂದ ಹೊರಬಂದು ಕುತ್ತಿಗೆಯಲ್ಲಿ ಮತ್ತೆ ಮೇಲಕ್ಕೆ ಹತ್ತುತ್ತದೆ, ಕಿವಿಯ ಹತ್ತಿರ ಹಾದು ಕಣ್ಣು ಸೇರುತ್ತದೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಬೆಕ್ಕಿನಲ್ಲಿ ಈ ನರದ ಎಳೆಗಳು ಮಧ್ಯಕಿವಿಯ ಒಳಗೇ, ಮೂಳೆಯ ಮೇಲ್ಮೈಯಲ್ಲಿ ಮುಚ್ಚುಮರೆ ಇಲ್ಲದೆ ಹೋಗುತ್ತವೆ. ಅಲ್ಲಿ ಕೀವೋ ಊತವೋ ಆದರೆ ಮೊದಲು ಪೆಟ್ಟು ತಿನ್ನುವುದು ಇವೇ. ಆಗ ಪಾಪೆ ಸಣ್ಣಗಾಗುತ್ತದೆ, ಮೇಲಿನ ರೆಪ್ಪೆ ಜೋಲುತ್ತದೆ, ಕಣ್ಣುಗುಡ್ಡೆ ಸ್ವಲ್ಪ ಒಳಗೆ ಹೋಗುತ್ತದೆ, ಬೆಕ್ಕಿಗಿರುವ ಮೂರನೇ ರೆಪ್ಪೆ ಹೊರಗೆ ಬರುತ್ತದೆ. ನಾವು ಪೊರೆ ಅಂದುಕೊಂಡಿದ್ದು ಅದನ್ನೇ. ಇದಕ್ಕೆ ಹಾರ್ನರ್ ಸಿಂಡ್ರೋಮ್ ಅಂತ ಹೆಸರು. ಯೋಹಾನ್ ಫ್ರೆಡ್ರಿಕ್ ಹಾರ್ನರ್ ಅನ್ನುವ ಸ್ವಿಟ್ಜರ್ಲೆಂಡಿನ ಕಣ್ಣಿನ ವೈದ್ಯ 1869ರಲ್ಲಿ ಒಬ್ಬ ಹೆಂಗಸಿನಲ್ಲಿ ಇದನ್ನು ಗುರುತಿಸಿ ಬರೆದಿದ್ದ. ಅವನು ಕಣ್ಣಿನ ಡಾಕ್ಟರು ಅನ್ನುವುದು ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು. ಎಲ್ಲರೂ ಕಣ್ಣಿನಿಂದಲೇ ಶುರು ಮಾಡುತ್ತಾರೆ ಅಲ್ವಾ.

ತಲೆ ವಾಲುವುದು, ಕಣ್ಣು ಎಗರುವುದು ಇದರ ಮುಂದಿನ ಹೆಜ್ಜೆ. ಮಧ್ಯಕಿವಿಯ ಪಕ್ಕದಲ್ಲೇ ಒಳಕಿವಿ. ಮೈಯ ಸಮತೋಲ ನೋಡಿಕೊಳ್ಳುವುದು ಅದು. ರೋಗ ಅಲ್ಲಿಗೂ ತಟ್ಟಿದೆ, ಅದಕ್ಕೇ ತಲೆಸುತ್ತು, ವಾಂತಿ.

"ಕಿವಿಗೆ ಏನಾದ್ರೂ ಹಾಕಿದ್ರಾ?" ಡಾಕ್ಟರು ಕೇಳಿದರು. ಇಲ್ಲ ಅಂದೆ. ಅಮ್ಮ ಸೀರೆ ಸೆರಗು ತಿರುಚುತ್ತಾ "ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. ಎರಡೇ ಎರಡು ಹನಿ" ಅಂದಳು. ಡಾಕ್ಟರಿಗೆ ಸಿಟ್ಟು ಬಂದಿದ್ದು ಗೊತ್ತಾಯಿತು, ತೋರಿಸಲಿಲ್ಲ. ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಹೊಟ್ಟೆಗೆ ಹೋದರೆ ರಕ್ತದ ಕಣಗಳು ಒಡೆಯುತ್ತವೆ ಅಂದರು. ಇನ್ನೊಂದು ಮಾತನ್ನೂ ಹೇಳಿದರು. ಕಿವಿತಮಟೆ ತೂತಾಗಿದ್ದರೆ ನಾವು ಹಾಕಿದ್ದೆಲ್ಲ ಸೀದಾ ಒಳಗಿಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ಕಿವಿ ಡ್ರಾಪ್ಸ್ ಕೂಡ, ಜೆಂಟಾಮೈಸಿನ್ ಇರುವಂಥವು, ಒಳಕಿವಿಯನ್ನು ಕೆಡಿಸಬಲ್ಲವು. ತಮಟೆ ನೋಡದೆ ಏನನ್ನೂ ಹಾಕಬಾರದು.

ತಮಟೆ ನೋಡುವುದೇ ಕಷ್ಟವಾಯಿತು. ಬೆಕ್ಕಿನ ಕಿವಿಯ ದಾರಿ ಮೊದಲು ಕೆಳಕ್ಕಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಕಿವಿಯೊಳಗೆ ನೋಡುವ ಓಟೋಸ್ಕೋಪ್ ಹಾಕಿದ ಕೂಡಲೇ ಕೆಂಚ ಕಿರುಚಿ ಡಾಕ್ಟರ ಕೈಗೆ ಉಗುರಿಳಿಸಿದ. ಕಂಡಷ್ಟರಲ್ಲಿ ಗುಗ್ಗೆ, ಅಮ್ಮನ ಎಣ್ಣೆ, ಅಷ್ಟೇ. ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟರು, ಮಾರೊಪಿಟೆಂಟ್ ಅಂತ. ಎರಡು ದಿನ ಬಿಟ್ಟು ಮತ್ತು ಬರುವ ಔಷಧಿ ಕೊಟ್ಟು ಎಕ್ಸ್‌ರೇ ತೆಗೆಯೋಣ ಅಂದರು.

ಕಿವಿಗೆ ಎಕ್ಸ್‌ರೇ ಅಂದರೆ ಸುಲಭ ಅಂದುಕೊಂಡಿದ್ದೆ. ಅಲ್ಲ. ಬೆಕ್ಕಿನ ಮಧ್ಯಕಿವಿ ಇರುವುದು ತಲೆಬುರುಡೆಯ ಅಡಿಯಲ್ಲಿ, ಮೊಟ್ಟೆಯ ಚಿಪ್ಪಿನಂತೆ ತೆಳುವಾದ ಉರುಟು ಮೂಳೆಯ ಗೂಡಿನಲ್ಲಿ. ಆ ಗೂಡಿಗೆ ಬುಲ್ಲಾ ಅನ್ನುತ್ತಾರೆ. ಮನುಷ್ಯರಿಗೆ ಈ ಥರ ಉಬ್ಬಿದ ಗೂಡಿಲ್ಲ. ಎಡಕ್ಕೊಂದು, ಬಲಕ್ಕೊಂದು. ಪಕ್ಕದಿಂದ ತೆಗೆದರೆ ಎರಡೂ ಒಂದರ ಮೇಲೊಂದು ಕೂತುಬಿಡುತ್ತವೆ. ಮೇಲಿನಿಂದ ತೆಗೆದರೆ ಬುರುಡೆಯ ಉಳಿದ ಮೂಳೆಗಳೆಲ್ಲ ಅಡ್ಡ. ಹಾಗಾಗಿ ಓರೆಯಾಗಿ ಮಲಗಿಸಿ ಒಂದೊಂದು ಕಡೆಗೆ ಒಂದೊಂದು ತೆಗೆಯಬೇಕು. ಇದಲ್ಲದೆ ಬೆಕ್ಕಿಗೆಂದೇ ಇನ್ನೊಂದು ಭಂಗಿ ಇದೆ. ಅಂಗಾತ ಮಲಗಿಸಿ, ಮೂಗು ಮೇಲೆ ಮಾಡಿ, ಕಿರಣ 10 ಡಿಗ್ರಿ ಓರೆಯಲ್ಲಿ ಬೀಳುವಂತೆ ತೆಗೆಯುವುದು. ನಾಯಿಗೆ ಬಾಯಿ ತೆರೆಸಿಟ್ಟು ತೆಗೆಯುತ್ತಾರಂತೆ, ಬೆಕ್ಕಿಗೆ ಬಾಯಿ ಮುಚ್ಚಿಯೇ ಆಗುತ್ತದೆ. ತಲೆ ಕೂದಲೆಳೆಯಷ್ಟು ತಿರುಗಿದರೂ ಎಡಬಲ ಹೋಲಿಸಲು ಬರುವುದಿಲ್ಲ. ಎಚ್ಚರವಿರುವ ಬೆಕ್ಕು ಇದಕ್ಕೆಲ್ಲ ಒಪ್ಪುತ್ತದೆಯೇ?

ಚಿತ್ರ ಕಂಪ್ಯೂಟರಿನಲ್ಲಿ ಬಂತು. ಎರಡು ಗುಂಡನೆಯ ನೆರಳು. ಗಾಳಿ ತುಂಬಿದ್ದರೆ ಒಳಗೆ ಕಪ್ಪಗಿರಬೇಕು. ಬಲದ್ದು ಕಪ್ಪಗಿತ್ತು. ಎಡದ್ದು... ಕಪ್ಪಗೇ ಇತ್ತಾ? ಸ್ವಲ್ಪ ಮಬ್ಬಾಗಿತ್ತಾ? ಡಾಕ್ಟರು ಬೆಳಕು ಹೆಚ್ಚು ಮಾಡಿದರು, ಕಡಿಮೆ ಮಾಡಿದರು. ನನ್ನ ಕಣ್ಣಿಗೆ ಎರಡೂ ಒಂದೇ. ಕ್ಲಿಯರ್ ಇದೆ ಅಲ್ವಾ ಡಾಕ್ಟರ್ ಅಂತ ಆಸೆಯಿಂದ ಕೇಳಿದೆ.

ಆಗ ಅವರು ಹೇಳಿದ ಮಾತನ್ನು ನಾನು ಮೊಬೈಲಿನಲ್ಲಿ ಬರೆದಿಟ್ಟುಕೊಂಡೆ. "ಈ ಎಕ್ಸ್‌ರೇಲಿ ಬೆಳ್ಳಗೆ ಕಂಡ್ರೆ ನಂಬಬಹುದು ಮೇಡಂ. ಕಪ್ಪಗೆ ಕಂಡ್ರೆ ನಂಬೋಕಾಗಲ್ಲ." ಅಂದರೆ, ಮೂಳೆ ದಪ್ಪವಾಗಿ, ಒಳಗೆಲ್ಲ ತುಂಬಿ ಎದ್ದು ಕಂಡರೆ ರೋಗ ಇದೆ ಅಂತಲೇ ಲೆಕ್ಕ. ಏನೂ ಕಾಣದಿದ್ದರೆ ರೋಗ ಇಲ್ಲ ಅಂತ ಲೆಕ್ಕ ಅಲ್ಲ. ನೀರು ಸ್ವಲ್ಪವೇ ಇದ್ದರೆ, ಮೂಳೆ ಇನ್ನೂ ಕೆಡದೇ ಇದ್ದರೆ ಎಕ್ಸ್‌ರೇಗೆ ಅದು ತಪ್ಪಿಸಿಕೊಳ್ಳುತ್ತದೆ. ಬೆಕ್ಕಿನ ತಲೆ ಮೂರು ಕಡೆಯಿಂದ ಕಿವಿ ಅಂತ ಕೂಗುತ್ತಿರುವಾಗ ಒಂದು ಮಬ್ಬು ಚಿತ್ರ ನೋಡಿ ಸುಮ್ಮನಾಗುವುದು ಬೇಡ, ಬೆಂಗಳೂರಿನಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿ ಅಂದರು.

ಹಾಗಿದ್ದರೆ ಮೊದಲೇ ಸಿಟಿಗೆ ಕಳಿಸಬಹುದಿತ್ತಲ್ಲ? ಈ ಪ್ರಶ್ನೆ ನನ್ನಲ್ಲಿ ಇವತ್ತಿಗೂ ಇದೆ. ಅವರ ಕಡೆಯ ನ್ಯಾಯವೂ ಗೊತ್ತು. ಎಕ್ಸ್‌ರೇ ಇಲ್ಲೇ ಇದೆ, ದುಡ್ಡು ಕಡಿಮೆ, ಕೆಲವೊಮ್ಮೆ ಅಲ್ಲೇ ಉತ್ತರ ಸಿಗುತ್ತದೆ. ಆದರೂ ನನ್ನನ್ನು ಯಾರಾದರೂ ಕೇಳಿದರೆ, ಕೈಯಲ್ಲಿ ದುಡ್ಡಿದ್ದು ಓಡಾಡುವ ಅನುಕೂಲವೂ ಇದ್ದರೆ ಒಂದೇ ಸಲ ಮತ್ತು, ಒಂದೇ ಸಲ ಸ್ಕ್ಯಾನ್ ಅನ್ನುತ್ತೇನೆ.

ಬೆಂಗಳೂರಿಗೆ ಯಾಕೆ ಹೋಗಬೇಕು, ಮೈಸೂರಿನಲ್ಲೇ ಎಷ್ಟು ಸ್ಕ್ಯಾನಿಂಗ್ ಸೆಂಟರ್ ಇವೆ ಅಂತ ನಾನು ಬುದ್ಧಿವಂತಿಕೆ ತೋರಿಸಲು ಹೋದೆ. ಮನುಷ್ಯರ ಸೆಂಟರ್ ಒಂದಕ್ಕೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ ಗಡಿಬಿಡಿಯಲ್ಲಿದ್ದಳು.

"ಪೇಷಂಟ್ ಹೆಸರು?"

"ಕೆಂಚ."

"ವಯಸ್ಸು?"

"ಒಂದೂವರೆ ವರ್ಷ."

"ಅಯ್ಯೋ ಮಗುನಾ? ಏನಾಗಿದೆ ಮೇಡಂ?"

"ತಲೆ ವಾಲ್ತಾ ಇದೆ... ಅದು, ಬೆಕ್ಕು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಯಾರಿಗೋ ಹೇಳಿ ನಗುವುದು ಕೇಳಿಸಿತು. ಫೋನ್ ಇಟ್ಟುಬಿಟ್ಟೆ.

ಎಂಆರ್‌ಐ ಯಾಕೆ ಬೇಡ ಅನ್ನುವುದನ್ನೂ ಡಾಕ್ಟರ ಹತ್ತಿರ ಕೇಳಿದ್ದೆ. ಒಳಕಿವಿಯ ದ್ರವ, ನರ, ಮಿದುಳು ಇವನ್ನು ನೋಡಲು ಎಂಆರ್‌ಐ ಮೇಲು. ಆದರೆ ಮಧ್ಯಕಿವಿ ಅಂದರೆ ಮೂಳೆ ಮತ್ತು ಗಾಳಿ. ಅದಕ್ಕೆ ಸಿಟಿ ವಾಸಿ, ಹೊತ್ತೂ ಕಡಿಮೆ, ಬೆಕ್ಕು ಮತ್ತಿನಲ್ಲಿರುವ ಸಮಯವೂ ಕಡಿಮೆ. ಪಾದದ ಪರೀಕ್ಷೆಯಲ್ಲಿ ಮಿದುಳಿನ ತೊಂದರೆ ಕಾಣಲಿಲ್ಲವಾದ್ದರಿಂದ ಮೊದಲು ಸಿಟಿ. ಅದರಲ್ಲಿ ಮೂಳೆ ತೂತಾಗಿ ರೋಗ ಮಿದುಳಿನ ಕಡೆ ಹೊರಟಿದೆ ಅಂತ ಕಂಡರೆ ಆಗ ಎಂಆರ್‌ಐ.

ರಕ್ತ ಪರೀಕ್ಷೆ ಇಲ್ಲೇ ಮಾಡಿಸಿಕೊಂಡೆವು. ಮೂತ್ರಪಿಂಡ, ಯಕೃತ್ತು ಸರಿಯಾಗಿದ್ದರೆ ತಾನೇ ಮತ್ತು ಕೊಡುವುದು. ಹಿಂದಿನ ಸಂಜೆಯೇ ಬೆಂಗಳೂರಿಗೆ ಹೊರಟೆವು. ಕೆಂಗೇರಿಯಲ್ಲಿ ತಮ್ಮ ಇದ್ದಾನೆ, ರಾತ್ರಿ ಅಲ್ಲಿ ಉಳಿಯುವುದು ಅಂತ. ಸ್ಕ್ಯಾನಿಗೆ ಹೊಟ್ಟೆ ಖಾಲಿ ಇರಬೇಕು, ರಾತ್ರಿ ಹತ್ತರ ಮೇಲೆ ಊಟ ಇಲ್ಲ. ಮೊದಲೇ ತಲೆ ತಿರುಗುವ ಬೆಕ್ಕು, ಮೇಲೆ ಕಾರಿನ ಪ್ರಯಾಣ. ಹೊರಡುವ ಮೊದಲು ಮತ್ತೆ ಅದೇ ವಾಂತಿಯ ಇಂಜೆಕ್ಷನ್ ಹಾಕಿಸಿದ್ದು ಒಳ್ಳೆಯದಾಯಿತು. ಬುಟ್ಟಿಯ ಎರಡೂ ಪಕ್ಕ ಟವೆಲ್ ಸುತ್ತಿಟ್ಟು ಅವನು ಉರುಳದ ಹಾಗೆ ಮಾಡಿದ್ದೆ. ಮದ್ದೂರು ದಾಟುವವರೆಗೆ ಕೂಗಿದ, ಆಮೇಲೆ ಮಲಗಿದ. ಬೆಳಗಿನ ಜಾವ ಐದಕ್ಕೆ ತಮ್ಮನ ಮನೆ ಅಡುಗೆಮನೆಯ ಮುಂದೆ ಕೂತು ಊಟಕ್ಕೆ ಹಟ ಹಿಡಿದಾಗ ಮಾತ್ರ ನೋಡಲಾಗಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಸಹಿ. ಅನಸ್ತೇಸಿಯಾದಿಂದ ಜೀವಕ್ಕೂ ಅಪಾಯ ಆಗಬಹುದು ಅಂತ ಬರೆದ ಹಾಳೆ. ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು, ಓದಿ ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಕೂತಳು. ಕೆಂಚನ ಮುಂಗಾಲಿನ ಕೂದಲು ಬೋಳಿಸಿ ಸೂಜಿ ಹಾಕಿದರು. ಬಿಳಿ ಹಾಲಿನಂಥ ಔಷಧಿ ಹೋಯಿತು, ಅವನ ತಲೆ ಟೆಕ್ನಿಷಿಯನ್ ಅಂಗೈಗೆ ಬಿತ್ತು. ಶ್ವಾಸನಾಳಕ್ಕೆ ಕೊಳವೆ ಇಳಿಸಿದರು.

ನನ್ನನ್ನು ಗಾಜಿನ ಈಚೆ ನಿಲ್ಲಲು ಬಿಟ್ಟರು. ದೊಡ್ಡ ವಡೆಯ ಹಾಗೆ ನಡುವೆ ತೂತಿರುವ ಯಂತ್ರ. ಅದರ ಉದ್ದನೆಯ ಮಂಚದ ತುದಿಯಲ್ಲಿ ಕೆಂಚ ಹತ್ತಿಯ ಉಂಡೆಯಂತಿದ್ದ. ಬೋರಲಾಗಿ ಮಲಗಿಸಿ, ಸ್ಪಂಜಿನ ತೊಟ್ಟಿಲಿನಂಥದ್ದರಲ್ಲಿ ಇಟ್ಟು, ತಲೆ ನೆಟ್ಟಗೆ ಇರುವಂತೆ ಟೇಪು ಅಂಟಿಸಿದರು. ಟೆಕ್ನಿಷಿಯನ್ ಎದುರಿಗೆ ಕೂತು ಒಂದು ಕಣ್ಣು ಮುಚ್ಚಿ ಎರಡೂ ಕಿವಿ ಸಮನಾಗಿದೆಯಾ ಅಂತ ಬಡಗಿಯ ಹಾಗೆ ನೋಡಿದ. ಜಾಸ್ತಿ ಹೊತ್ತು ಹಿಡಿದಿದ್ದು ಇದಕ್ಕೇ. ಸ್ಕ್ಯಾನ್ ಅಂತ ಆಗಿದ್ದು ಒಂದು ನಿಮಿಷವೂ ಇಲ್ಲ. ಮಂಚ ಒಳಗೆ ಹೋಯಿತು, ಯಂತ್ರ ಗುಂಯ್ ಅಂದಿತು, ಹೊರಗೆ ಬಂತು. ನಂತರ ಸೂಜಿಯ ಮೂಲಕ ಅಯೋಡಿನ್ ಇರುವ ಡೈ ಬಿಟ್ಟು ಇನ್ನೊಮ್ಮೆ ಅದೇ.

ನೋಡುವುದು ನಿಜವಾಗಿ ಶುರುವಾಗಿದ್ದು ಆಮೇಲೆ, ಕಂಪ್ಯೂಟರಿನ ಮುಂದೆ. ಅಲ್ಲಿದ್ದ ಡಾಕ್ಟರು ಹಿರಿಯರು, ತಾಳ್ಮೆಯವರು. ಕೆಂಚನ ಮೂಗಿನ ತುದಿಯಿಂದ ಹಿಂದಕ್ಕೆ, ಬ್ರೆಡ್ಡಿನ ಹೋಳಿನ ಹಾಗೆ ಒಂದೊಂದೇ ಪದರ. ಒಂದೊಂದೂ ಒಂದು ಮಿಲಿಮೀಟರಿಗಿಂತ ತೆಳು. ದಪ್ಪ ಹೋಳು ತೆಗೆದರೆ ಇಷ್ಟು ಸಣ್ಣ ಕಿವಿಯಲ್ಲಿ ಏನೂ ಸಿಗುವುದಿಲ್ಲ. ಮೌಸಿನ ಚಕ್ರ ಉರುಳಿಸಿದಂತೆಲ್ಲ ಮೂಗಿನ ಸುರುಳಿ ಮೂಳೆಗಳು ಬಂದವು, ಕಣ್ಣುಗುಡ್ಡೆ ಬಂತು, ಹೋಯಿತು. ಆಮೇಲೆ ತಳದಲ್ಲಿ ಎರಡು ಉಂಗುರ.

ಎಕ್ಸ್‌ರೇಯಲ್ಲಿ ನನಗೆ ಒಂದೇ ಥರ ಕಂಡಿದ್ದ ಅವೇ ಎರಡು ಗೂಡು. ಈಗ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಬಲದ್ದು ಕಪ್ಪು. ಎಡದ್ದು ಗೋಡೆಯಿಂದ ಗೋಡೆಗೆ ಬೂದು, ಇಡ್ಲಿ ಹಿಟ್ಟು ತುಂಬಿದ ಗುಳಿಯ ಹಾಗೆ.

ಸಿಟಿಯಲ್ಲಿ ಪ್ರತಿ ಚುಕ್ಕಿಗೂ ಒಂದು ಸಂಖ್ಯೆ ಇರುತ್ತದೆ ಅಂತ ಅವರು ತೋರಿಸಿದರು. ಗಾಳಿಗೆ ಮೈನಸ್ 1000, ನೀರಿಗೆ 0, ಗಟ್ಟಿ ಮೂಳೆಗೆ ಸಾವಿರದ ಆಚೀಚೆ. ಇದಕ್ಕೆ ಹೌನ್ಸ್‌ಫೀಲ್ಡ್ ಅಳತೆ ಅನ್ನುತ್ತಾರೆ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಬ್ರಿಟನ್ನಿನ ಒಬ್ಬ ಎಂಜಿನಿಯರ್. ಅವನ ಯಂತ್ರದಲ್ಲಿ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ನೋಡಿದರು, 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ನೊಬೆಲ್ ಬಂತು. ಡಾಕ್ಟರು ಬಾಣದ ಗುರುತನ್ನು ಕೆಂಚನ ಎಡಗಿವಿಯ ಮೇಲಿಟ್ಟರು. ಸೊನ್ನೆಗಿಂತ ಮೇಲಿನ ಒಂದು ಸಣ್ಣ ಸಂಖ್ಯೆ ಬಂತು. ಗಾಳಿ ಇರಬೇಕಾದ ಕಡೆ ಗಾಳಿ ಇಲ್ಲ ಅನ್ನುವುದಕ್ಕೆ ಅಷ್ಟು ಸಾಕು.

ಆದರೆ ಏನಿದೆ ಅನ್ನುವುದಕ್ಕೆ ಅಷ್ಟು ಸಾಕಾಗುವುದಿಲ್ಲ. ಕೀವು, ಸಿಂಬಳ, ಮಾಂಸದ ಗಂಟು, ಮೂರರ ಬೂದು ಬಣ್ಣವೂ ಹೆಚ್ಚು ಕಡಿಮೆ ಒಂದೇ. ಇಲ್ಲಿ ಡೈ ಕೆಲಸಕ್ಕೆ ಬಂತು. ರಕ್ತ ಓಡಾಡುವ ಕಡೆ ಮಾತ್ರ ಡೈ ಹೋಗುತ್ತದೆ, ನಿಂತ ಸಿಂಬಳಕ್ಕೆ ಹೋಗುವುದಿಲ್ಲ. ಎರಡನೇ ಸಲದ ಚಿತ್ರದಲ್ಲಿ ಬೂದು ಬಣ್ಣದ ಒಳಗೆ ಒಂದು ತೆಳ್ಳನೆಯ ಬಿಳಿ ಅಂಚು ಹೊತ್ತಿಕೊಂಡಂತೆ ಕಂಡಿತು. ಅಂಚಿನ ಒಳಗೆ ಗಂಟು, ಹೊರಗೆ ಸಿಂಬಳ. ಡಾಕ್ಟರು ಹೋಳುಗಳನ್ನು ಹಿಂದೆ ಮುಂದೆ ಮಾಡಿ ಆ ಗಂಟಿನ ಬಾಲ ಹಿಡಿದು ಹೊರಟರು. ಅದು ಕಿವಿಯಿಂದ ಗಂಟಲಿಗೆ ಇರುವ ಯೂಸ್ಟೇಶಿಯನ್ ನಾಳದಲ್ಲಿ ಇಳಿದು, ಅಂಗುಳದ ಮೇಲೆ ಮೂಗಿನ ಹಿಂಭಾಗದಲ್ಲಿ ಒಂದು ಕಾಳಿನಂತೆ ಇಣುಕಿತ್ತು.

"ಗೊರಕೆ ಹೊಡೀತಾನಾ?" ಅಂದರು.

ನಾನು ಮಾತಾಡದೆ ಮೊಬೈಲ್ ತೆಗೆದು ಆ ವಿಡಿಯೋ ತೋರಿಸಿದೆ.

ಪಾಲಿಪ್ ಅಂತ ಅದರ ಹೆಸರು. ಸಣ್ಣ ವಯಸ್ಸಿನ ಬೆಕ್ಕುಗಳಲ್ಲಿ ಮಧ್ಯಕಿವಿಯಲ್ಲೋ ಆ ನಾಳದಲ್ಲೋ ಹುಟ್ಟಿ, ಕಿವಿಯ ಕಡೆಗೋ ಗಂಟಲ ಕಡೆಗೋ ಬೆಳೆಯುವ ಗಂಟು. ಕ್ಯಾನ್ಸರ್ ಅಲ್ಲ. ನನಗೆ ಆ ಪದವೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಅವರೇ ಮುಂದಾಗಿ ಹೇಳಿದರು. ಕ್ಯಾನ್ಸರ್ ಆಗಿದ್ದರೆ ಮೂಳೆಯನ್ನು ತಿಂದುಹಾಕಿರುವ ಸಾಧ್ಯತೆ ಹೆಚ್ಚು, ಇಲ್ಲಿ ಗೂಡಿನ ಗೋಡೆ ಎಲ್ಲೂ ಒಡೆದಿಲ್ಲ, ವಯಸ್ಸೂ ಚಿಕ್ಕದು. ಆದರೆ ಕೊನೆಯ ಮಾತು ಲ್ಯಾಬಿನವರದ್ದು. ಎಡದ ಗೋಡೆ ಬಲದ್ದಕ್ಕಿಂತ ದಪ್ಪ ಕಾಣುತ್ತಿತ್ತು. ಅದನ್ನೂ ಪೂರ್ತಿ ನಂಬಬೇಡಿ ಅಂದರು. ಒಳಗೆ ನೀರು ತುಂಬಿದ್ದರೆ ತೆಳು ಮೂಳೆಯೂ ಸಿಟಿಯಲ್ಲಿ ಇರುವುದಕ್ಕಿಂತ ದಪ್ಪ ಕಾಣುತ್ತದಂತೆ. ಇಷ್ಟು ದೊಡ್ಡ ಯಂತ್ರಕ್ಕೂ ಕಣ್ಣು ಮೋಸ ಇದೆ ಅಂತಾಯಿತು.

ಇನ್ನು ಎದ್ದು ಬರೋಣ ಅನ್ನುವಾಗ ಅವರು ಬಲಗಿವಿಗೆ ಹೋದರು. ಕಪ್ಪಗಿದೆ, ಚೆನ್ನಾಗಿದೆ ಅಂತ ನಾನು ಬಿಟ್ಟಿದ್ದ ಕಿವಿ. ಗೂಡಿನ ತಳದಲ್ಲಿ ಒಂದಿಷ್ಟು ಬೂದು ಇತ್ತು. ಅದರ ಮೇಲಂಚು ಗೀಟು ಎಳೆದ ಹಾಗೆ ನೇರ, ಕೆರೆಯಲ್ಲಿ ನೀರು ನಿಂತ ಹಾಗೆ. ಗಂಟಾಗಿದ್ದರೆ ಹೀಗೆ ಸಮ ಇರುವುದಿಲ್ಲ, ಇದು ದ್ರವ. ಬಲಗಣ್ಣಿಗೆ ಏನೂ ಆಗಿಲ್ಲ, ಆ ಕಿವಿಯನ್ನು ಅವನು ಒಂದು ದಿನವೂ ಕೆರೆದಿಲ್ಲ. ಆದರೂ ಒಳಗೆ ನೀರು. ಮೂಗಿನ ತೊಂದರೆಗೆ ಸ್ಕ್ಯಾನ್ ಮಾಡಿದ ಬೆಕ್ಕುಗಳಲ್ಲಿ ಕಿವಿಯಲ್ಲೂ ನೀರು ಸಿಗುವುದು ಅಪರೂಪವಲ್ಲ, ಹೊರಗೆ ಏನೂ ತೋರಿಸದೆ ಇರುತ್ತವೆ ಅಂದರು. ಮೋರಿ ಪಕ್ಕದ ಆ ಶೀತ ನೆನಪಾಯಿತು. ಈಗ ಆ ಕಡೆ ಕೈ ಹಾಕುವುದು ಬೇಡ, ಗಮನ ಇಟ್ಟಿರಿ ಅಂತ ಹೇಳಿದರು.

ಅದೇ ಮತ್ತಿನಲ್ಲೇ ಇನ್ನೆರಡು ಕೆಲಸ ಮುಗಿಸಿದರು. ಬಾಯಿ ತೆರೆಸಿ, ಮೆತ್ತನೆಯ ಅಂಗುಳವನ್ನು ಕೊಕ್ಕೆಯಿಂದ ಮುಂದಕ್ಕೆಳೆದು, ಹಿಂದೆ ಇಣುಕುತ್ತಿದ್ದ ಕಾಳನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಎಳೆದರು. ಗುಲಾಬಿ ಬಣ್ಣದ ಅವರೆಕಾಳಿನಷ್ಟು ಬಂತು, ಹಿಂದೆ ಒಂದು ದಾರ. ಆಮೇಲೆ ಕ್ಯಾಮೆರಾ ಇರುವ ಓಟೋಸ್ಕೋಪಿನಲ್ಲಿ ಎಡಗಿವಿಯ ತಮಟೆ ನೋಡಿದರು. ತೂತಾಗಿರಲಿಲ್ಲ. ಉಬ್ಬಿಕೊಂಡಿತ್ತು, ಪಾರದರ್ಶಕವಾಗಿ ಇರಬೇಕಾದ್ದು ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಸೂಜಿಯಿಂದ ಚುಚ್ಚಿ ಒಳಗಿನ ದ್ರವ ತೆಗೆದು, ಯಾವ ರೋಗಾಣು ಇದೆ ಅಂತ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಿದರು. ಅಮ್ಮನ ಎಣ್ಣೆ ಒಳಗೆ ಇಳಿದಿರಲಿಲ್ಲ ಅನ್ನುವ ಸುದ್ದಿಯನ್ನು ನಾನು ಹೊರಗೆ ಹೋಗಿ ಮೊದಲು ಹೇಳಿದೆ. ಅವಳು ಕೈ ಮುಗಿದಳು, ನನಗೋ ದೇವರಿಗೋ ಗೊತ್ತಾಗಲಿಲ್ಲ.

ಆ ತಿಂಗಳು ನಮ್ಮ ಮನೆ ಬಾಡಿಗೆಗಿಂತ ಸ್ಕ್ಯಾನಿನ ಬಿಲ್ಲೇ ಜಾಸ್ತಿ. ಚಿತ್ರಗಳನ್ನೆಲ್ಲ ಒಂದು ಸಿಡಿಯಲ್ಲಿ ಹಾಕಿ ಕೊಟ್ಟರು. ಸಿಡಿ ಹಾಕುವ ಕಂಪ್ಯೂಟರ್ ನಮ್ಮ ನೆಂಟರಿಷ್ಟರಲ್ಲಿ ಯಾರ ಹತ್ತಿರವೂ ಇಲ್ಲ.

ಕಿವಿಯ ಗೂಡಿನಲ್ಲಿ ಉಳಿದಿದ್ದ ಗಂಟು ತೆಗೆಯಲು ಹನ್ನೆರಡು ದಿನ ಬಿಟ್ಟು ಆಪರೇಷನ್. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನಾನು ನೋಡಿಲ್ಲ. ದವಡೆಯ ಕೆಳಗಿನಿಂದ ಕೊಯ್ದು ಬುಲ್ಲಾ ತೆರೆಯುತ್ತಾರೆ. ಬೆಕ್ಕಿನ ಗೂಡಿನೊಳಗೆ ಮೂಳೆಯ ಒಂದು ಅಡ್ಡಗೋಡೆ ಇದೆ, ಎರಡು ಕೋಣೆ. ಗೋಡೆ ಒಡೆದು ಎರಡೂ ಕೋಣೆ ಗುಡಿಸದಿದ್ದರೆ ಪಾಲಿಪ್ ಮತ್ತೆ ಬರಬಹುದು. ಯಾವ ಕೋಣೆಯಲ್ಲಿ ಎಷ್ಟಿದೆ ಅನ್ನುವ ನಕ್ಷೆ ಸಿಟಿಯಿಂದ ಮೊದಲೇ ಕೈಯಲ್ಲಿತ್ತು. ನರದ ಎಳೆಗಳು ಅಲ್ಲೇ ಇರುವುದರಿಂದ ಆಪರೇಷನ್ ಆದಮೇಲೆ ಕಣ್ಣು ಇನ್ನೂ ಕೆಟ್ಟು ಕಾಣಬಹುದು, ಹೆದರಬೇಡಿ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ ಅಂತ ಮೊದಲೇ ಎಚ್ಚರಿಸಿದ್ದರು. ಹಾಗೇ ಆಯಿತು. ಮೂರನೇ ರೆಪ್ಪೆ ಅರ್ಧ ಕಣ್ಣಿಗೆ ಬಂದಿತ್ತು. ಲ್ಯಾಬಿನಿಂದ ಉರಿಯೂತದ ಪಾಲಿಪ್ ಅಂತ ಬರೆದು ಬಂತು, ಕ್ಯಾನ್ಸರ್ ಇಲ್ಲ. ಕಲ್ಚರ್ ನೋಡಿಕೊಂಡು ಕೊಟ್ಟ ಮಾತ್ರೆಯನ್ನು ವಾರಗಟ್ಟಲೆ ನುಂಗಿಸಿದೆವು. ಟವೆಲ್ ಕಡುಬು ಮತ್ತೆ ಶುರು.

ಈಗ ಕಣ್ಣು ಎಗರುವುದು ನಿಂತಿದೆ. ಗೊರಕೆ ಇಲ್ಲ. ತಲೆ ತುಸು ಎಡಕ್ಕೆ ವಾಲಿಯೇ ಇದೆ, ಅದು ಹಾಗೇ ಉಳಿಯಬಹುದು ಅಂತ ಡಾಕ್ಟರು ಹೇಳಿದ್ದಾರೆ. ಕಾಂಪೌಂಡ್ ಹಾರುವ ಮೊದಲು ಎರಡು ಸಲ ಯೋಚಿಸುತ್ತಾನೆ, ಆಮೇಲೆ ಹಾರುತ್ತಾನೆ. ಬಲಗಿವಿಗೆ ಮತ್ತೆ ಸ್ಕ್ಯಾನ್ ಬೇಕಾ ಅಂದರೆ, ಲಕ್ಷಣ ಕಂಡರೆ ಮಾತ್ರ ಅಂದರು. ಹಾಗಾಗಿ ಲಕ್ಷಣ ಹುಡುಕುವುದೇ ನನಗೊಂದು ಕೆಲಸ. ರಾತ್ರಿ ಊಟ ಆದಮೇಲೆ ಹಾಲ್‌ನ ದೀಪ ಆರಿಸಿ, ಟಾರ್ಚಿಗೆ ಕರ್ಚೀಫ್ ಸುತ್ತಿ, ಕೆಂಚನ ಎರಡೂ ಪಾಪೆ ನೋಡುತ್ತೇನೆ. ಧಾರಾವಾಹಿ ಮಧ್ಯದಲ್ಲಿ ದೀಪ ಆರಿಸಿದಳು ಅಂತ ಅಮ್ಮ ದಿನಾ ಗೊಣಗುತ್ತಾಳೆ. ಮೊನ್ನೆ ಆಫೀಸಿನಿಂದ ಬರುವುದು ತಡವಾಯಿತು. ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಕೂಗಿದಳು.

"ನೋಡಾಯ್ತು ಕಣೇ. ಎರಡೂ ಒಂದೇ ಅಳತೆ ಇದೆ. ಕೈಕಾಲು ತೊಳ್ಕೊಂಡು ಊಟಕ್ಕೆ ಬಾ."